ವಾಯ್‌ತುರಾ ಎಣಿಸೋ ಕೆಲಸ: ಸಾತಾರೆಯ ಕಲ್ಲು ಹೊಂಡಗಳಲ್ಲಿ ನನ್ನ ಅನುಭವ

ಸೆಪ್ಟೆಂಬರ್ ಬಂತು ಅಂದ್ರೆ ಪುಣೆಯಲ್ಲಿರೋ ನಮ್ಮ ಕನ್ನಡದವರು ಫೋನ್ ಮಾಡಿ ಸಾತಾರಾ ಹತ್ರದ ಕಾಸ್ ಪಠಾರಕ್ಕೆ (ಪಠಾರ ಅಂದ್ರೆ ಗುಡ್ಡದ ಮೇಲಿನ ಬಂಡೆಗಲ್ಲಿನ ಬಯಲು) ಯಾವ ವಾರ ಹೋದ್ರೆ ಹೂವು ಚೆನ್ನಾಗಿರತ್ತೆ ಅಂತ ಕೇಳ್ತಾರೆ, ಹೇಳ್ತೀನಿ. ಆದ್ರೆ ಈಚೆಗೆ ಕೆಲವರು ನೀವು ಅದ್ಯಾವುದೋ ಹೊಂಡದ ಹೂವಿನ ಲೆಕ್ಕ ಇಡ್ತೀರಂತಲ್ಲ, ಅದನ್ನ ಹೆಂಗೆ ಮಾಡ್ತೀರಿ, ನಾವೂ ಮಾಡಬಹುದಾ ಅಂತ ಕೇಳೋಕೆ ಶುರು ಮಾಡಿದಾರೆ. ಅವರಿಗೋಸ್ಕರ ಇದು. ನಾನು ಸಸ್ಯಶಾಸ್ತ್ರ ಓದಿದವಳಲ್ಲ, ಹಿಂಜವಡಿಯಲ್ಲಿ ಕಂಪನಿ ಕೆಲಸ, ರಜೆ ದಿನಗಳಲ್ಲಿ ಇದು. ಯಾರು ಬೇಕಾದ್ರೂ ಕಲೀಬಹುದು, ಸಮಾಧಾನ ಇರಬೇಕು ಅಷ್ಟೇ.

ಹೂವಿನ ಹೆಸರು ಅಪೊನೋಜೆಟಾನ್ ಸತಾರೆನ್ಸಿಸ್, ಮರಾಠಿಯಲ್ಲಿ ವಾಯ್‌ತುರಾ ಅಂತಾರೆ. ನೀರೊಳಗೆ ಬೇರು, ನೀರಿನ ಮೇಲೆ ಹೂವಿನ ತೆನೆ, ಆ ತೆನೆ ಒಂದೇ ದಂಟಿನ ತುದಿಯಲ್ಲಿ ಎರಡಾಗಿ ಕವಲೊಡೆದಿರತ್ತೆ, ಬಣ್ಣ ತಿಳಿ ಗುಲಾಬಿಯಿಂದ ನೇರಳೆವರೆಗೂ. ವಿಜ್ಞಾನಕ್ಕೆ ಇದರ ಪರಿಚಯ ಆಗಿದ್ದೇ 1982ರಲ್ಲಿ, ಅಂದ್ರೆ ನಮ್ಮ ಕಾಲದಲ್ಲೇ. ಪಶ್ಚಿಮ ಘಟ್ಟದ ಉತ್ತರ ಭಾಗದ ಕೆಲವೇ ಪಠಾರಗಳು ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ, ಅಪಾಯದಲ್ಲಿರೋ ಜೀವಿಗಳನ್ನ ಪಟ್ಟಿ ಮಾಡೋ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನ ಗಿಡ. ಇಷ್ಟು ಅಪರೂಪದ್ದು ಬೆಳೆಯೋದು ದೊಡ್ಡ ಕಾಡಲ್ಲೂ ಅಲ್ಲ, ಕೆರೆಯಲ್ಲೂ ಅಲ್ಲ, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲೋ ಕಲ್ಲಿನ ಗುಂಡಿಗಳಲ್ಲಿ.

ಈ ಪಠಾರ ಹೆಂಗಿರತ್ತೆ ಅಂತ ಮೊದಲು ಗೊತ್ತಿರಬೇಕು. ಕೆಳಗೆಲ್ಲ ಕಪ್ಪು ಬಸಾಲ್ಟ್, ಮೇಲೆ ಟೊಪ್ಪಿಗೆ ಇಟ್ಟಂಗೆ ಕೆಂಪು ಜಂಬಿಟ್ಟಿಗೆ ಕಲ್ಲು. ಕಾಸ್ ಸುಮಾರು 1200 ಮೀಟರ್ ಎತ್ತರದಲ್ಲಿದೆ, ಅರಬ್ಬೀ ಸಮುದ್ರದ ಮೋಡ ನೇರ ಬಂದು ಹೊಡೆಯತ್ತೆ, ಮಳೆ ಅಂದ್ರೆ ಮಳೆ. ಮಣ್ಣು ಕೆಲವು ಕಡೆ ಬೆರಳು ಆಳ, ಕೆಲವು ಕಡೆ ಅದೂ ಇಲ್ಲ. ಮರ ನಿಲ್ಲೋಕೆ ಆಗಲ್ಲ. ಜೂನ್‌ನಿಂದ ನೀರಲ್ಲಿ ಮುಳುಗಿರೋ ಜಾಗ ಡಿಸೆಂಬರ್ ಹೊತ್ತಿಗೆ ಒಣಗಿ, ಏಪ್ರಿಲ್‌ನಲ್ಲಿ ಕಾಲಿಟ್ರೆ ಸುಡತ್ತೆ. ಸಾರ ಇಲ್ಲದ ಮಣ್ಣು ಅಂತಲೇ ಅಲ್ಲಿ ಹುಳ ಹಿಡಿದು ತಿನ್ನೋ ಡ್ರೋಸೆರಾ, ಯುಟ್ರಿಕುಲೇರಿಯಾ ಗಿಡಗಳು ಅಷ್ಟೊಂದು. ವಾಯ್‌ತುರಾ ಉಳಿಯೋ ದಾರಿ ಬೇರೆ, ಗುಂಡಿಯ ತಳದ ಕೆಸರಿನಲ್ಲಿ ಗೆಡ್ಡೆ ಇಟ್ಟು ಬೇಸಿಗೆ ಪೂರ್ತಿ ಮಲಗಿರತ್ತೆ. ಮೇಲೆ ಎಲೆಯಿಲ್ಲ, ದಂಟಿಲ್ಲ, ಗಿಡ ಇದೆ ಅನ್ನೋದಕ್ಕೆ ಗುರುತೇ ಇರಲ್ಲ.

ಅದಕ್ಕೇ ನಾನು ಯಾರಿಗಾದ್ರೂ ಹೇಳೋ ಮೊದಲ ಮಾತು, ಕೆಲಸ ಶುರು ಮಾಡೋದು ಏಪ್ರಿಲ್‌ನಲ್ಲಿ. ಹೂವಿಲ್ಲದಾಗ. ಹೂವು ಕಂಡಲ್ಲಿ ಓಡಿ ಹೋಗಿ ಎಣಿಸಿದ್ರೆ ಹೂವಿರೋ ಗುಂಡಿ ಮಾತ್ರ ಲೆಕ್ಕಕ್ಕೆ ಬರತ್ತೆ, ಉಳಿದಿದ್ದೆಲ್ಲ ಬರೀ ಕಲ್ಲು ಅಂತ ಬಿಟ್ಟುಹೋಗತ್ತೆ, ಆಮೇಲೆ ಆ ಬರೀ ಕಲ್ಲಿನ ಮೇಲೆ ಯಾರೋ ಜೆಸಿಬಿ ಹತ್ತಿಸಿದ್ರೆ ಏನು ಹೋಯ್ತು ಅಂತ ಹೇಳೋಕೆ ನಮ್ಮ ಹತ್ರ ಒಂದು ಸಾಲೂ ಇರಲ್ಲ.

ಬೇಸಿಗೆಯಲ್ಲಿ ಗುಂಡಿ ಗುರುತಿಸೋದು ಕಣ್ಣಿಗೆ ಅಭ್ಯಾಸ ಆಗಬೇಕಾದ ಕೆಲಸ. ಕಲ್ಲಿನ ಮೇಲೆ ನೀರು ನಿಂತಿದ್ದ ಮಟ್ಟಕ್ಕೆ ಒಂದು ಕಪ್ಪು ಗೆರೆ ಇರತ್ತೆ, ಕೆಳಗೆ ಒಣಗಿದ ಪಾಚಿ ಕಾಗದದ ಥರ ಎದ್ದಿರತ್ತೆ, ತಳದಲ್ಲಿ ಬಿರುಕು ಬಿಟ್ಟ ಬೂದು ಕೆಸರು, ಅಂಚಿನಲ್ಲಿ ಎರಿಯೋಕಾಲಾನ್ ಅನ್ನೋ ಸಣ್ಣ ಗಿಡದ ಒಣ ಗುಂಡುತಲೆಗಳು (ಮರಾಠಿಯವರು ಗೇಂದ್ ಅಂತಾರೆ). ಇವು ಮೂರ್ನಾಲ್ಕು ಒಟ್ಟಿಗೆ ಕಂಡ್ರೆ ಅದು ಮಳೆಗಾಲದ ಹೊಂಡ. ಜಮಖಂಡಿ ಕಡೆಯ ಹುಡುಗನೊಬ್ಬ ಪುಣೆಯಲ್ಲಿ ಎಂಎಸ್ಸಿ ಓದ್ತಾ ನನ್ನ ಜೊತೆ ಬರ್ತಾನೆ, ಮೊದಲ ಬೇಸಿಗೆಯಲ್ಲಿ ಅವನು ನಿಂತು ಸುತ್ತ ನೋಡಿ, "ಅಕ್ಕಾ, ಇಲ್ಲೇನೂ ಇಲ್ರೀ, ಬರೇ ಕಲ್ಲು ಅದ" ಅಂದ. ಸಂಜೆ ಹೊತ್ತಿಗೆ ನನಗಿಂತ ಮುಂಚೆ ಅವನೇ ಗುಂಡಿ ತೋರಿಸ್ತಿದ್ದ.

ಒಂದೊಂದು ಗುಂಡಿಗೂ ನಂಬರ್ ಕೊಡ್ತೀವಿ. ಕಲ್ಲಿನ ಮೇಲೆ ಪೇಂಟ್ ಹಚ್ಚೋದಿಲ್ಲ, ಅದು ನೋಡೋಕೂ ಕೆಟ್ಟದು, ಬಂದವರಿಗೆಲ್ಲ ದಾರಿ ತೋರಿಸಿದಂಗೂ ಆಗತ್ತೆ. ಮೊಬೈಲ್ ಜಿಪಿಎಸ್ ಪಾಯಿಂಟ್, ಉದ್ದ, ಅಗಲ, ನಡುವಿನ ಆಳ ಟೇಪಿನಲ್ಲಿ ಅಳೆದು ರಿಜಿಸ್ಟರಿನಲ್ಲಿ ಬರ್ಕೊಂಡು, ಒಂದು ಕಡೆಯ ಕಲ್ಲನ್ನ ಗುರುತು ಮಾಡ್ಕೊಂಡು ಅಲ್ಲಿಂದ ಒಂದೇ ದಿಕ್ಕಿಗೆ ಫೋಟೋ. ಮುಂದಿನ ಎಲ್ಲಾ ಫೋಟೋನೂ ಅದೇ ಕಲ್ಲಿನ ಹತ್ರ ನಿಂತು ಅದೇ ದಿಕ್ಕಿಗೆ. ಇದೊಂದು ಶಿಸ್ತು ತಪ್ಪದಿದ್ರೆ ಎರಡು ಮಳೆಗಾಲ ಪಕ್ಕ ಪಕ್ಕ ಇಟ್ಟು ನೋಡಬಹುದು, ಬೇರೆ ಯಾವ ಸಾಫ್ಟ್‌ವೇರೂ ಬೇಡ.

ಮಳೆ ಶುರುವಾದ ಮೇಲೆ ನಾನು ತಾರೀಕಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೀತೀನಿ, ನಮ್ಮ ಮನೆಯಲ್ಲಿ ಅಜ್ಜ ಬಿತ್ತನೆ ಲೆಕ್ಕ ಇಡ್ತಿದ್ದಿದ್ದೇ ಹಾಗೆ, ಮತ್ತೆ ಪಠಾರದ ಹಳ್ಳಿಯವರ ಜೊತೆ ಮಾತಾಡೋಕೂ ಅದೇ ಸುಲಭ, ಅವರೂ ಮೃಗ, ಆರ್ದ್ರಾ ಅಂತಲೇ ಎಣಿಸ್ತಾರೆ. ಮೃಗಶಿರಾದಲ್ಲಿ (ಜೂನ್) ಗುಂಡಿ ತುಂಬೋಕೆ ಶುರು. ಆರಿದ್ರಾ, ಪುನರ್ವಸುವಿನಲ್ಲಿ ಎಲೆ ನೀರಿನ ಮೇಲೆ ಬರತ್ತೆ. ಆದ್ರೆ ಎಲೆ ನೋಡಿ ವಾಯ್‌ತುರಾ ಅಂತ ಬರೀಬೇಡಿ, ಇದೇ ಕುಲದ ಅಪೊನೋಜೆಟಾನ್ ನಟಾನ್ಸ್ ಅನ್ನೋ ಸಾಮಾನ್ಯ ಗಿಡ ಇದೆ, ಅದರ ತೆನೆ ಒಂಟಿ. ತೆನೆ ಬಂದು ಎರಡು ಕವಲು ಕಾಣೋವರೆಗೂ ನಮ್ಮ ರಿಜಿಸ್ಟರಿನಲ್ಲಿ ಕುಲದ ಹೆಸರು ಮಾತ್ರ. ಪುಷ್ಯದಿಂದ ಹುಬ್ಬೆವರೆಗೂ (ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲರ್ಧ) ಹೂವು, ಆ ಹೊತ್ತಲ್ಲೇ ನಮ್ಮ ಮುಖ್ಯ ಎಣಿಕೆ. ಉತ್ತರೆ, ಹಸ್ತದ ಹೊತ್ತಿಗೆ ನೀರು ಇಳಿದು ಅದೇ ಗುಂಡಿಗಳಲ್ಲಿ ಪೊಗೊಸ್ಟೆಮಾನ್ ಡೆಕ್ಕನೆನ್ಸಿಸ್ ಅನ್ನೋ ಇನ್ನೊಂದು ಗಿಡ ನೇರಳೆ ಹೂ ಹಾಸಿರತ್ತೆ, ಜನ ಫೋಟೋಗೆ ಮುಗಿಬೀಳೋದು ಆಗ, ವಾಯ್‌ತುರಾ ಅಷ್ಟರಲ್ಲಿ ಮುಗಿಸಿಕೊಂಡಿರತ್ತೆ.

ಎಣಿಸೋದು ಹೆಂಗೆ. ಗುಂಡಿಯೊಳಗೆ ಕಾಲಿಡೋದೇ ಇಲ್ಲ, ಇದರಲ್ಲಿ ರಾಜಿ ಇಲ್ಲ. ತಳದ ಕೆಸರು ತೆಳ್ಳಗಿರತ್ತೆ, ಗೆಡ್ಡೆ ಅದರಲ್ಲೇ, ಒಂದು ಬೂಟು ಸಾಕು. ಅಂಚಿನ ಕಲ್ಲಿನ ಮೇಲೆ ನಿಂತು 8x42 ಬೈನಾಕ್ಯುಲರ್‌ನಲ್ಲಿ ನೋಡ್ತಾ ಒಬ್ಬರು ಹೇಳ್ತಾರೆ, ಒಬ್ಬರು ಗೀಟು ಹಾಕ್ತಾರೆ, ಆಮೇಲೆ ಜಾಗ ಬದಲಿಸಿ ಇನ್ನೊಬ್ಬರು ಎಣಿಸ್ತಾರೆ, ಎರಡೂ ಸಂಖ್ಯೆ ಬರೀತೀವಿ, ಸರಾಸರಿ ಅಲ್ಲಿ ಮಾಡಲ್ಲ. ಎಣಿಸೋದು ಗಿಡ ಅಲ್ಲ, ತೆನೆ. ನೀರೊಳಗೆ ಯಾವ ದಂಟು ಯಾವ ಗೆಡ್ಡೆಯದು ಅಂತ ಮೇಲಿಂದ ಹೇಳೋಕಾಗಲ್ಲ, ಅದಕ್ಕೆ "ತೆನೆ" ಅಂತಲೇ ಬರೀಬೇಕು, ಓದೋರಿಗೆ ಗೊಂದಲ ಆಗಬಾರದು. ಅಂಚಿನ ಸಣ್ಣ ಗಿಡಗಳಿಗೆ ಪಿವಿಸಿ ಪೈಪಿನ ಒಂದು ಮೀಟರ್ ಚೌಕ ಮಾಡ್ಕೊಂಡಿದೀವಿ, ಬಿಚ್ಚಿ ಬ್ಯಾಗಿಗೆ ಹಾಕಬಹುದು, ಪುಣೆಯ ಸ್ವಾರಗೇಟ್ ನಿಲ್ದಾಣದಿಂದ ಎಸ್‌ಟಿ ಬಸ್ಸಲ್ಲಿ ಹೋಗೋರಿಗೆ ಅದು ಮುಖ್ಯ. ನೀರಿನ ಆಳ ಪ್ರತಿ ಸಲ ಒಂದೇ ಬಿಂದುವಿನಲ್ಲಿ ಸ್ಟೀಲ್ ಸ್ಕೇಲ್ ಇಳಿಸಿ ಅಳೀತೀವಿ, ದೊಡ್ಡ ಗುಂಡಿಗೆ ಉದ್ದ ಬಿದಿರಿನ ಕೋಲಿಗೆ ಸ್ಕೇಲ್ ಕಟ್ಟಿ. ನೀರಿನ ಹುಳಿ ನೋಡೋ ಪಿಎಚ್ ಪಟ್ಟಿ, ಕರಗಿರೋ ಲವಣ ಅಳೆಯೋ ಟಿಡಿಎಸ್ ಮೀಟರ್ ಕೂಡ ಇದೆ, ಆದ್ರೆ ಅದು ಬರೀ ಮಳೆ ನೀರು, ಟಿಡಿಎಸ್ ತುಂಬಾ ಕಡಿಮೆ ಬರತ್ತೆ. ಅದು ಒಂದು ದಿನ ಏಕಾಏಕಿ ಏರಿದ್ರೆ ಮೇಲ್ಗಡೆ ಎಲ್ಲೋ ಮಣ್ಣು ಸುರಿದಿದಾರೆ ಅಥವಾ ಯಾರೋ ಬಟ್ಟೆ, ಗಾಡಿ ತೊಳೆದಿದಾರೆ ಅಂತ ಅನುಮಾನ ಪಡೋಕೆ ಸಾಕು, ನಾನು ಮೀಟರ್ ಇಟ್ಕೊಂಡಿರೋದು ಅದಕ್ಕೇ.

ಇನ್ನೊಂದು ವಿಷಯ, ನೀರಲ್ಲಿ ಹೂವು ಬಿಟ್ಟು ಬೇರೆಯದನ್ನೂ ನೋಡಿ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಬೆನ್ನು ಕೆಳಗೆ ಮಾಡಿ ಈಜೋ ಫೇರಿ ಶ್ರಿಂಪ್ ಅನ್ನೋ ಸೀಗಡಿ ಥರದ ಪುಟ್ಟ ಜೀವಿ ಕಾಣಿಸತ್ತೆ, ಮೊಟ್ಟೆಗಳು ಒಣ ಕೆಸರಿನಲ್ಲಿ ಬೇಸಿಗೆ ಕಳೆದು ನೀರು ಬಂದ ತಕ್ಷಣ ಒಡೀತಾವೆ. ಸಹ್ಯಾದ್ರಿಯ ಹೆಸರನ್ನೇ ಇಟ್ಟಿರೋ ಒಂದು ಜಾತಿ, ಸ್ಟ್ರೆಪ್ಟೊಸೆಫಾಲಸ್ ಸಹ್ಯಾದ್ರಿಯೆನ್ಸಿಸ್, 2014ರಲ್ಲಷ್ಟೇ ವರ್ಣಿಸಿದ್ದು. ಬೇಸಿಗೆಯಲ್ಲಿ ಯಾವ ಕೆಸರನ್ನ ನಾವು ಧೂಳು ಅಂದ್ಕೋತೀವೋ ಅದರಲ್ಲೇ ಗೆಡ್ಡೆ, ಬೀಜ, ಮೊಟ್ಟೆ ಎಲ್ಲಾ. ಹಿಂಗಾಗಿ ಬೇಸಿಗೆಯಲ್ಲಿ ಪಠಾರದ ಮೇಲೆ ಗಾಡಿ ಓಡಿಸಿದ್ರೆ ಏನೂ ಆಗಲ್ಲ ಅನ್ನೋ ಮಾತನ್ನ ನಾನು ಎಲ್ಲಿ ಕೇಳಿದ್ರೂ ವಿರೋಧ ಮಾಡ್ತೀನಿ. ಮಳೆಗಾಲದಲ್ಲಿ ತುಳಿದಷ್ಟೇ ನಷ್ಟ ಅದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋ ವಿಷಯ: ಸೊನ್ನೆ ಬರೆಯೋದು. ಗುಂಡಿಗೆ ಹೋದ್ರಿ, ನೀರಿದೆ, ತೆನೆ ಒಂದೂ ಇಲ್ಲ, ಆಗ ಬರೀಬೇಕಾಗಿರೋದು 0. ಖಾಲಿ ಬಿಡಬಾರದು. ಖಾಲಿ ಅಂದ್ರೆ ಯಾರೂ ಹೋಗಲಿಲ್ಲ ಅಂತ, ಸೊನ್ನೆ ಅಂದ್ರೆ ಹೋಗಿ ನೋಡಿದೀವಿ ಅಂತ. ಇದು ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಗೆಡ್ಡೆ ಇರೋ ಗಿಡ ಒಂದು ವರ್ಷ ಹೂ ಬಿಡದಿದ್ರೆ ಸತ್ತಿದೆ ಅಂತ ಅಲ್ಲ, ನಮ್ಮ ರಿಜಿಸ್ಟರಿನಲ್ಲೇ ಮಳೆ ಮಧ್ಯದಲ್ಲಿ ಕೈಕೊಟ್ಟು ಗುಂಡಿ ಬೇಗ ಒಣಗಿದ ವರ್ಷ ಸೊನ್ನೆ ಇದ್ದ ಕಡೆ ಮುಂದಿನ ಮಳೆಗಾಲದಲ್ಲಿ ತೆನೆ ಎದ್ದಿದೆ. ಒಂದೇ ವರ್ಷ ನೋಡಿದೋರು ಇಲ್ಲಿಲ್ಲ ಅಂತ ಬರ್ಕೊಂಡು ಹೋಗ್ತಾರೆ, ಆ ಕಾಗದ ಹಿಡ್ಕೊಂಡು ಇನ್ನೊಬ್ಬರು ಅಲ್ಲಿ ಕಲ್ಲು ತೆಗೆಯೋಕೆ ಅರ್ಜಿ ಹಾಕ್ತಾರೆ. ಸರ್ಕಾರಿ ನಕ್ಷೆಗಳಲ್ಲಿ ಇಂಥ ಹಾಸುಬಂಡೆ ಬಹಳಷ್ಟು ಬಂಜರು ಭೂಮಿ ಅಂತಲೇ ದಾಖಲು. ಕೊಂಕಣದ ಕಡೆ ಸಡಾಗಳ (ಅಲ್ಲಿನ ಜಂಬಿಟ್ಟಿಗೆ ಬಯಲುಗಳು) ಮೇಲೆ ಹೊರಗಿನಿಂದ ಮಣ್ಣು ತಂದು ಸುರಿದು ಮಾವು, ಗೋಡಂಬಿ ತೋಟ ಮಾಡ್ತಾರೆ, ಜಂಬಿಟ್ಟಿಗೆ ಕಡಿದು ಮನೆಗೆ ಸಾಗಿಸ್ತಾರೆ, ಕಡಿದ ಮೇಲೆ ಆ ಗುಂಡಿ ಮತ್ತೆ ಹುಟ್ಟೋಲ್ಲ, ಕಲ್ಲು ಹಾಗೆ ಸವೆಯೋಕೆ ಸಾವಿರಾರು ವರ್ಷ ಬೇಕು.

ಕಾಸ್ 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಅಲ್ಲಿ ದಿನಕ್ಕೆ 3000 ಜನರ ಮಿತಿ, ಆನ್‌ಲೈನ್ ಬುಕಿಂಗ್ ಎಲ್ಲಾ ಬಂತು, ಒಳ್ಳೇದೇ. ಆದ್ರೆ ನಾವು ಎಣಿಸೋ ಪಠಾರ ಅದಲ್ಲ, ಅದೇ ಜಿಲ್ಲೆಯ ಹೆಸರಿಲ್ಲದ ಇನ್ನೊಂದು, ಹಳ್ಳಿಯ ಹೆಸರು ಬೇಕಂತಲೇ ಬರೀತಿಲ್ಲ. ಗಿಡ, ಪ್ರಾಣಿ ನೋಡಿದ್ದನ್ನ ದಾಖಲಿಸೋ ಐನ್ಯಾಚುರಲಿಸ್ಟ್ ಆಪ್‌ಗೆ ಫೋಟೋ ಹಾಕಿದ್ರೆ ಅಪಾಯದಲ್ಲಿರೋ ಗಿಡಗಳ ಜಾಗವನ್ನ ಆ ಆಪ್ ತಾನೇ ಮಸುಕು ಮಾಡಿ ಸುಮಾರು 20 ಕಿಲೋಮೀಟರಿನ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸತ್ತೆ. ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿದ್ರೆ ಆ ರಕ್ಷಣೆ ಇಲ್ಲ, ದಯವಿಟ್ಟು ಕಳಿಸಬೇಡಿ, ಎಷ್ಟೇ ಹತ್ತಿರದವರು ಕೇಳಿದ್ರೂ.

ಶುರು ಮಾಡೋ ಮುಂಚೆ ಅರಣ್ಯ ಇಲಾಖೆ ರೇಂಜ್ ಆಫೀಸಿಗೂ ಗ್ರಾಮ ಪಂಚಾಯ್ತಿಗೂ ಪತ್ರ ಕೊಟ್ಟು ಒಪ್ಪಿಗೆ ತಗೊಳ್ಳಿ. ಎಲೆ, ಹೂ, ಬೀಜ ಏನೂ ಕೀಳಬೇಡಿ, ಮನೆ ಟಬ್ಬಿನಲ್ಲಿ ಬೆಳೆಸೋ ಆಸೆ ಅಂತೂ ಬೇಡವೇ ಬೇಡ. ಗುರುತು ಖಾತ್ರಿ ಮಾಡ್ಕೊಳ್ಳೋಕೆ ಪುಣೆಯಲ್ಲೇ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಇದೆ, 1955ರಿಂದ, ಅಲ್ಲಿನ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ದೊಡ್ಡದು. ಆಗರ್ಕರ್ ಸಂಶೋಧನಾ ಸಂಸ್ಥೆಯವರೂ ಈ ಪಠಾರಗಳ ಮೇಲೆ ಕೆಲಸ ಮಾಡ್ತಾರೆ. ಒಣಗಿಸಿ ಅಂಟಿಸಿದ ಹಾಳೆಯಲ್ಲಿ ಗಿಡ ನೋಡೋದಕ್ಕೂ ನೀರಲ್ಲಿ ನೋಡೋದಕ್ಕೂ ತುಂಬಾ ವ್ಯತ್ಯಾಸ, ಆದ್ರೂ ಕವಲು, ಎಲೆಯ ಆಕಾರ ಮನಸ್ಸಿನಲ್ಲಿ ಕೂರೋದು ಅಲ್ಲೇ.

ಹಳ್ಳಿಯವರನ್ನ ಬಿಟ್ಟು ಇದು ಆಗಲ್ಲ. ಕುರಿ ಮೇಯಿಸೋ ಧನಗರ ಸಮುದಾಯದ ಅಜ್ಜಿ ಒಬ್ಬರಿದಾರೆ, ಯಾವ ಗುಂಡಿ ಗಣಪತಿ ಹಬ್ಬದವರೆಗೂ ನೀರು ಹಿಡಿಯತ್ತೆ, ಯಾವುದು ದಸರಾ ದಾಟತ್ತೆ ಅಂತ ನಮ್ಮ ಸ್ಕೇಲ್‌ಗಿಂತ ಮೊದಲೇ ಹೇಳ್ತಾರೆ, ಅವರ ಮಾತನ್ನೂ ನಾವು ಗುಂಡಿ ನಂಬರಿನ ಎದುರಿಗೆ ಬರ್ಕೊಂಡಿದೀವಿ. ಪ್ರತಿ ವರ್ಷ ರಿಜಿಸ್ಟರಿನ ಜೆರಾಕ್ಸ್ ಮರಾಠಿ ಟಿಪ್ಪಣಿ ಜೊತೆ ಪಂಚಾಯ್ತಿಗೆ ಕೊಡ್ತೀವಿ. ಪಠಾರದ ಅಡ್ಡ ಒಂದು ಕಚ್ಚಾ ರಸ್ತೆ ಮಾಡೋ ಮಾತು ಬಂದಾಗ ಆ ಜೆರಾಕ್ಸ್ ಸಭೆಯಲ್ಲಿ ಟೇಬಲ್ ಮೇಲಿತ್ತು, ಗುಂಡಿಗಳು ಎಲ್ಲಿವೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದ್ದು ಊರಿನವರೇ, ರಸ್ತೆಯನ್ನ ಅಂಚಿನ ಹಳೇ ಗಾಡಿ ಜಾಡಿಗೆ ಸರಿಸೋಣ ಅಂತ ಅವರೇ ಅಂದ್ರು. ಅಲ್ಲಿ ಹೂವಿನ ಫೋಟೋ ತೋರಿಸಿದ್ರೆ ಚೆನ್ನಾಗಿದೆ ಅಂತಿದ್ರು, ಗುಂಡಿಯ ನಂಬರ್ ಇದ್ದಿದ್ರಿಂದ ಕೆಲಸ ಆಯ್ತು.

ಸೇರ್ಕೋಬೇಕು ಅನ್ನೋರು ಉದ್ದ ಪೊಂಚೊ ತನ್ನಿ, ಅಲ್ಲಿನ ಗಾಳಿಗೆ ಛತ್ರಿ ನಿಲ್ಲಲ್ಲ. ಕ್ಯಾಮೆರಾ ಇದ್ರೆ ಸಿಪಿಎಲ್ ಫಿಲ್ಟರ್ ಹಾಕಿ, ನೀರಿನ ಹೊಳಪು ಕಡಿಮೆಯಾಗಿ ಮುಳುಗಿರೋ ಎಲೆ ಕಾಣತ್ತೆ. ಬೂಟು ಮನೆಯಲ್ಲೇ ಬ್ರಷ್ ಹಾಕಿ ತೊಳ್ಕೊಂಡು ಬನ್ನಿ, ಪುಣೆಯ ಖಾಲಿ ಸೈಟುಗಳ ಕಳೆ ಬೀಜ ಪಠಾರಕ್ಕೆ ಹೋಗಬಾರದು. ಈ ವರ್ಷದ ಎಣಿಕೆ ಮುಗಿದಿದೆ, ಚಿತ್ತಾ ಮಳೆ ಕಳೆದ ಮೇಲೆ ನೀರು ಇಳಿಯೋ ಅಳತೆ ಬಾಕಿ, ಅದಕ್ಕೆ ಇಬ್ಬರು ಸಾಕು. ಹೊಸಬರಿಗೆ ಒಳ್ಳೇ ಸಮಯ ಏಪ್ರಿಲ್, ಬೆಳಿಗ್ಗೆ ಬೇಗ ಹೊರಟು ಬಿಸಿಲು ಏರೋ ಮುಂಚೆ ಒಂದಿಷ್ಟು ಗುಂಡಿ ಅಳೆದು ಬರಬಹುದು.