ಪಕ್ಕದ ಪಟ್ಟಿಯ ಕರೆಂಟನ್ನು ನಿಮ್ಮ ಮೀಟರ್ ಓದದಂತೆ ಮಾಡುವುದು ಹೇಗೆ?

ಕಕ್ಕಡದ ಮಳೆಗೆ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಅದಕ್ಕೇ ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ತೋಟದ ಮನೆಯಲ್ಲಿ 48 ವೋಲ್ಟಿನ ಎರಡು ಬ್ಯಾಟರಿ ಬ್ಯಾಂಕ್ ಇಟ್ಟುಕೊಂಡಿದ್ದೇವೆ. ಒಂದು ರಾತ್ರಿ ಮೊದಲ ಬ್ಯಾಂಕಿನ ಐಸೊಲೇಟರ್, ಅಂದರೆ ಸಂಪರ್ಕ ಕಡಿಯುವ ಸ್ವಿಚ್, ಎಳೆದಿದ್ದೆ. ಆದರೂ ಅದರ ಮೀಟರ್ 5 ಆಂಪಿಯರ್ ತೋರಿಸುತ್ತಿತ್ತು. ಮೀಟರಿನ ಹಾಲ್ ಸೆನ್ಸರ್, ಅಂದರೆ ಕಾಂತಕ್ಷೇತ್ರ ನೋಡಿ ಕರೆಂಟ್ ಅಳೆಯುವ ಪುಟ್ಟ ಬಿಲ್ಲೆ, ಕೆಟ್ಟಿರಲಿಲ್ಲ. 10 ಸೆಂಟಿಮೀಟರ್ ಆಚೆಗಿನ ಎರಡನೇ ಬ್ಯಾಂಕಿನ ತಾಮ್ರದ ಪಟ್ಟಿ, ಅಂದರೆ ಬಸ್‌ಬಾರ್, ಹುಟ್ಟಿಸುವ ಕಾಂತಕ್ಷೇತ್ರವನ್ನು ಅದು ತನ್ನದೆಂದು ಓದುತ್ತಿತ್ತು.

ಇದನ್ನು ಸುಮ್ನೆ ಬಿಡುವ ಹಾಗಿಲ್ಲ. 2 ಆಂಪಿಯರ್ ತಪ್ಪಾದರೂ 10 ಗಂಟೆಗೆ 20 ಆಂಪಿಯರ್-ಅವರ್ ಸುಳ್ಳು ಲೆಕ್ಕ ಸೇರುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದೇ ತಿಳಿಯುವುದಿಲ್ಲ.

ಮೊದಲು ಪರೀಕ್ಷೆ ಮಾಡಿ. ಒಂದು ಬ್ಯಾಂಕ್ ಆಫ್ ಮಾಡಿ, ಇನ್ನೊಂದರಿಂದ 2 ಕಿಲೋವ್ಯಾಟ್ ಹೀಟರ್ ಓಡಿಸಿ. ಸುಮಾರು 45 ಆಂಪಿಯರ್ ಎಳೆಯುತ್ತದೆ. ಆಫ್ ಆಗಿರುವ ಬ್ಯಾಂಕಿನ ಮೀಟರ್ ಏನು ಹೇಳುತ್ತದೆ, ಬರೆದುಕೊಳ್ಳಿ. ಆಮೇಲೆ ಲೋಡ್ ಅರ್ಧ ಮಾಡಿ ನೋಡಿ. ತಪ್ಪೂ ಅರ್ಧವಾದರೆ ಅದು ಪಕ್ಕದ ಪಟ್ಟಿಯ ಕಾಟ. ಬದಲಾಗದಿದ್ದರೆ ಬರೀ ಸೊನ್ನೆಯ ತಪ್ಪು, ಅಂದರೆ ಕರೆಂಟ್ ಇಲ್ಲದಾಗಲೂ ಮೀಟರ್ ಸೊನ್ನೆ ತೋರಿಸುತ್ತಿಲ್ಲ. ಭೂಮಿಯ ಕಾಂತಕ್ಷೇತ್ರವೂ ಕೋರ್ (ಪಟ್ಟಿಯನ್ನು ಸುತ್ತುವರಿಯುವ ಕಾಂತೀಯ ಉಂಗುರ) ಇಲ್ಲದ ಸೆನ್ಸರ್‌ನಲ್ಲಿ ಒಂದೆರಡು ಆಂಪಿಯರ್ ತೋರಿಸಬಲ್ಲದು. ಅದನ್ನು ಝೀರೋ ಸೆಟ್ ಮಾಡಿದರೆ ಮುಗಿಯಿತು.

ಈಗ ಸೆನ್ಸರ್ ಎಲ್ಲಿ ಕೂತಿದೆ ನೋಡಿ. ನನ್ನ ಪ್ರಕಾರ ಮುಕ್ಕಾಲು ಕೆಲಸ ಇಲ್ಲೇ ಇದೆ. ತೆಳು ತಂತಿಯ ಲೆಕ್ಕದಲ್ಲಿ 100 ಆಂಪಿಯರ್ ಹರಿದರೆ 1 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರದ ಬಲ 2 ಮಿಲಿಟೆಸ್ಲಾ, 10 ಸೆಂಟಿಮೀಟರ್ ದೂರದಲ್ಲಿ 0.2 ಮಿಲಿಟೆಸ್ಲಾ. ಅಂದರೆ ಹತ್ತರಲ್ಲಿ ಒಂದು ಪಾಲು. ಆದರೆ ಹಾಲ್ ಸೆನ್ಸರ್ ಒಂದೇ ದಿಕ್ಕಿನ ಕ್ಷೇತ್ರವನ್ನು ಓದುತ್ತದೆ, ಅಲ್ವಾ? ಎರಡು ಪಟ್ಟಿಗಳು ರೈಲು ಹಳಿಯ ಹಾಗೆ ಅಕ್ಕಪಕ್ಕ ಮಲಗಿವೆ ಅಂದುಕೊಳ್ಳಿ. ನಡುವಿನ ಸಂದಿಯಲ್ಲಿ ಸೆನ್ಸರ್ ಇಟ್ಟರೆ ಎರಡರ ಕ್ಷೇತ್ರವೂ ಮೇಲೆ-ಕೆಳಗೆ ಹೋಗುತ್ತದೆ, ಎರಡೂ ಬೆರೆತುಹೋಗುತ್ತವೆ. ನಾನು ಮಾಡಿದ್ದು ಇದೇ ತಪ್ಪು. ಪಟ್ಟಿಯ ಬೆನ್ನಿನ ಮೇಲೆ, 1 ಸೆಂಟಿಮೀಟರ್ ಎತ್ತರದಲ್ಲಿ ಇಡಿ. ಅಲ್ಲಿ ಸ್ವಂತ ಕ್ಷೇತ್ರ ಅಡ್ಡಕ್ಕೆ ಹೋಗುತ್ತದೆ, ಪಕ್ಕದ್ದು ಬಹುಪಾಲು ಮೇಲೆ-ಕೆಳಗೆ. ಸೆನ್ಸರ್ ಅಡ್ಡ ದಿಕ್ಕನ್ನು ಓದುವಂತೆ ತಿರುಗಿಸಿದರೆ, ನೂರಕ್ಕೆ ಹತ್ತಿದ್ದ ತಪ್ಪು ನೂರಕ್ಕೆ ಒಂದರ ಹತ್ತಿರ ಇಳಿಯುತ್ತದೆ. ಖರ್ಚು ಏನೂ ಇಲ್ಲ. ಪಟ್ಟಿ ಬಾಗುವ ಕಡೆ ಮಾತ್ರ ಇಡಬೇಡಿ.

ಸ್ಕ್ರೂ ಮುಟ್ಟುವ ಮೊದಲು ಎರಡೂ ಬ್ಯಾಂಕುಗಳ ಐಸೊಲೇಟರ್ ತೆಗೆಯಿರಿ. ಉಂಗುರ, ಬಳೆ, ವಾಚು ಬಿಚ್ಚಿಡಿ, ಇನ್ಸುಲೇಷನ್ ಇರುವ ಸ್ಪ್ಯಾನರ್ ಹಿಡಿಯಿರಿ. ಬ್ಯಾಟರಿಯ ಕಡೆಯ ಪಟ್ಟಿಯಲ್ಲಿ ಆಗಲೂ ವೋಲ್ಟೇಜ್ ಇದ್ದೇ ಇರುತ್ತದೆ. 48 ವೋಲ್ಟ್ ಶಾಕ್ ಕೊಡದಿರಬಹುದು, ಶಾರ್ಟ್ ಆದರೆ ಕೈ ಸುಡುತ್ತದೆ.

ಎರಡನೇ ಬ್ಯಾಂಕಿನ ಪ್ಲಸ್, ಮೈನಸ್ ಕೇಬಲ್‌ಗಳನ್ನು ಒಟ್ಟಿಗೆ ಕಟ್ಟಿ ಒಯ್ಯಿರಿ. ಎದುರುಬದರು ಹರಿಯುವ ಕರೆಂಟಿನ ಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ. ಸೆನ್ಸರ್ ಹತ್ತಿರದ ಕಬ್ಬಿಣದ ಬೋಲ್ಟ್ ತೆಗೆದು ಹಿತ್ತಾಳೆಯದು ಹಾಕಿ.

ಇಷ್ಟಾದರೂ ಸಾಲದಿದ್ದರೆ ಪಟ್ಟಿಯ ಮೇಲೊಂದು, ಕೆಳಗೊಂದು ಸೆನ್ಸರ್ ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯಬಹುದು. ಸ್ವಂತ ಕ್ಷೇತ್ರ ಎರಡು ಕಡೆ ವಿರುದ್ಧವಾಗಿರುವುದರಿಂದ ದುಪ್ಪಟ್ಟಾಗುತ್ತದೆ. ಭೂಮಿಯ ಕ್ಷೇತ್ರ, ಸೆನ್ಸರ್‌ಗಳು ಒಂದೇ ರೀತಿ ತುಸು ವಾಲಿದ್ದರೆ ನುಸುಳುವ ಪಕ್ಕದ ಪಟ್ಟಿಯ ಮೇಲೆ-ಕೆಳಗಿನ ಕ್ಷೇತ್ರ, ಇವು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಅಳಿಯುತ್ತವೆ. ಹೊರಗಿನ ಕಾಂತಕ್ಷೇತ್ರ ತಡೆಯುವ ಶೀಲ್ಡ್ ಬೇಕೇ ಬೇಕು ಅನ್ನುವವರು ಟ್ರಾನ್ಸ್‌ಫಾರ್ಮರ್‌ನ ಸಿಲಿಕಾನ್ ಸ್ಟೀಲ್ ತಗಡನ್ನು ಯು ಆಕಾರಕ್ಕೆ ಬಗ್ಗಿಸಿ ಪಟ್ಟಿ, ಸೆನ್ಸರ್ ಎರಡನ್ನೂ ಅದರೊಳಗೆ ಕೂರಿಸಬೇಕು. ತಗಡು ತೀರಾ ತೆಳುವಾದರೆ ಜಾಸ್ತಿ ಕರೆಂಟಿನ ಕಾಂತಕ್ಷೇತ್ರದಿಂದ ತುಂಬಿಹೋಗಿ ಕೆಲಸ ಮಾಡುವುದಿಲ್ಲ. ಶೀಲ್ಡ್ ಹಾಕಿದ ಮೇಲೆ ಡಿಸಿ ಕ್ಲಾಂಪ್ ಮೀಟರ್ (ಕೇಬಲ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ಜೊತೆ ಹೋಲಿಸಿ ಮತ್ತೆ ಕ್ಯಾಲಿಬ್ರೇಟ್ ಮಾಡಲೇಬೇಕು.

ಕೊನೆಗೆ ಪ್ಯಾನೆಲ್ ಬಾಗಿಲು ಮುಚ್ಚಿ ಝೀರೋ ಸೆಟ್ ಮಾಡಿ, ಹೀಟರ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಕಬ್ಬಿಣದ ಬಾಗಿಲೂ ಲೆಕ್ಕ ಬದಲಿಸುತ್ತದೆ. ನಮ್ಮಲ್ಲಿ ಅದೇ 45 ಆಂಪಿಯರ್ ಹರಿದಾಗ ಆಫ್ ಆದ ಬ್ಯಾಂಕಿನ ಮೀಟರ್ ಈಗ ಅರ್ಧ ಆಂಪಿಯರ್ ದಾಟುವುದಿಲ್ಲ.