ಸೆಂಟ್‌ಒಎಸ್ 7ರ ಮೇಲಿದ್ದ ಪೋಸ್ಟ್‌ಗ್ರೆಸ್ ಅನ್ನು ನಾನು ಸಾಗಿಸಿದ ಕ್ರಮ

ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಆವೃತ್ತಿಯ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಅದೇ ವರ್ಷದ ನವೆಂಬರ್ 21ಕ್ಕೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ 12ನೇ ಆವೃತ್ತಿಯ ಕೊನೆಯ ಬಿಡುಗಡೆ 12.22 ಹೊರಬಂತು. ಈ ಜೋಡಿಯಿಂದ ಅಲ್ಮಾಲಿನಕ್ಸ್ 9 (ಸೆಂಟ್‌ಒಎಸ್‌ನ ಜಾಗಕ್ಕೆ ಬಂದ ಇನ್ನೊಂದು ಲಿನಕ್ಸ್), ಪೋಸ್ಟ್‌ಗ್ರೆಸ್ 16ಕ್ಕೆ ನಾನು ಹೋದದ್ದು ಹೀಗೆ.

ಮೊದಲು ಕಾಣಿಸುವ ತೊಂದರೆ ಪ್ಯಾಕೇಜ್ ಹಾಕುವ ಉಪಕರಣ ಯಮ್‌ನದು: ಡೌನ್‌ಲೋಡ್ ತಾಣಗಳ ಪಟ್ಟಿ ಕೊಡುವ ಮಿರರ್‌ಲಿಸ್ಟ್ ಸರ್ವರ್ ಸಿಗುತ್ತಿಲ್ಲ ಎಂದು ಅಪ್‌ಡೇಟ್ ನಿಂತುಬಿಡುತ್ತದೆ. ಆ ತಾಣಗಳ ವಿಳಾಸವಿರುವ ರೆಪೊ ಕಡತಗಳಲ್ಲಿ ಅದನ್ನು ವಾಲ್ಟ್ ಎಂಬ ಹಳೆಯ ಪ್ಯಾಕೇಜ್‌ಗಳ ತಾಣಕ್ಕೆ ಬದಲಿಸಿದರೆ ದೋಷ ಮಾಯ. ಬಹಳಷ್ಟು ಜನ ಮೋಸಹೋಗುವುದು ಇಲ್ಲೇ. ವಾಲ್ಟ್ ಬರೀ ಉಗ್ರಾಣ, ಹೊಸ ಪ್ಯಾಚ್ ಅಲ್ಲಿಗೆ ಬರುವುದಿಲ್ಲ. ಅಪ್‌ಡೇಟ್ ಮಾಡಲು ಏನೂ ಇಲ್ಲ ಎಂದು ಯಮ್ ಹೇಳಿದರೆ ಯಂತ್ರ ಸುರಕ್ಷಿತ ಎಂದಲ್ಲ, ತೇಪೆ ಹಾಕುವವರು ಯಾರೂ ಉಳಿದಿಲ್ಲ ಎಂದು. ಅಲ್ಲಿಂದ ಮುಂದೆ ಹೊಣೆ ಪೂರ್ತಿ ನಮ್ಮದು. ಅಷ್ಟು ವರ್ಷ ಪುಕ್ಕಟೆ ಕೊಟ್ಟವರನ್ನು ದೂರುವುದು ನ್ಯಾಯವಲ್ಲ, ದಿನಾಂಕ ಮೊದಲೇ ಹೇಳಿದ್ದರು.

ಇದ್ದ ಯಂತ್ರದಲ್ಲೇ ಲಿನಕ್ಸ್ ಆವೃತ್ತಿಯನ್ನು ಏರಿಸಲು ಎಲಿವೇಟ್ ಎಂಬ ಉಪಕರಣ ಇದೆ. ಡೇಟಾಬೇಸ್ ಇರುವ ಯಂತ್ರಕ್ಕೆ ನಾನು ಅದನ್ನು ಬಳಸುವುದಿಲ್ಲ, ಕೆಟ್ಟರೆ ಹಿಂದಕ್ಕೆ ಬರಲು ಹಳೆಯ ಡಿಸ್ಕ್ ಹಾಗೇ ಇರಬೇಕು. ಹೊಸ ವರ್ಚುವಲ್ ಯಂತ್ರ ಬೂಟ್ ಆಗುವಾಗಲೇ ಸಿಪಿಯು ಎಕ್ಸ್86-64-ವಿ2 (ಅಲ್ಮಾ 9 ಕೇಳುವ ಕನಿಷ್ಠ ಸಿಪಿಯು ಮಟ್ಟ) ಅಲ್ಲ ಎಂದು ಬಿದ್ದರೆ, ವರ್ಚುವಲ್ ಯಂತ್ರ ನಡೆಸುವ ಕೆವಿಎಂನಲ್ಲಿ ಸಿಪಿಯು ಬಗೆಯನ್ನು ‘ಹೋಸ್ಟ್’ ಎಂದು ಬದಲಿಸಿ.

ನಿಜವಾದ ಅಪಾಯ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯಲ್ಲಿದೆ. ಸೆಂಟ್‌ಒಎಸ್ 7ರಲ್ಲಿ 2.17, ಅಲ್ಮಾ 9ರಲ್ಲಿ 2.34. ನಡುವೆ 2.28ರಲ್ಲಿ ಅಕ್ಷರಗಳನ್ನು ಕ್ರಮವಾಗಿ ಜೋಡಿಸುವ ನಿಯಮವೇ ಬದಲಾಯಿತು. ‘1-1’ ಮತ್ತು ‘11’ ಎಂಬ ಎರಡು ಸಾಲುಗಳನ್ನು ಯುಎಸ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್) ಸಾರ್ಟ್ ಮಾಡಿ ನೋಡಿ: ಹಳೆಯದರಲ್ಲಿ ‘11’ ಮೊದಲು, ಹೊಸದರಲ್ಲಿ ‘1-1’ ಮೊದಲು. ಪೋಸ್ಟ್‌ಗ್ರೆಸ್ ಬೇಗ ಹುಡುಕಲು ಬಳಸುವ ಪಠ್ಯ ಇಂಡೆಕ್ಸ್‌ಗಳು ಈ ಕ್ರಮವನ್ನೇ ನಂಬಿವೆ. ಡೇಟಾ ಡೈರೆಕ್ಟರಿಯನ್ನು ಹಾಗೇ ನಕಲು ಮಾಡಿದರೆ, ಇಲ್ಲವೇ ಸ್ಟ್ರೀಮಿಂಗ್ ರೆಪ್ಲಿಕೇಷನ್‌ನಿಂದ (ಬದಲಾವಣೆಗಳು ಆದಂತೆಲ್ಲ ಹಾಗೇ ನಕಲಾಗುವುದು) ತಂದರೆ, ಇಂಡೆಕ್ಸ್ ಹಳೆಯ ಕ್ರಮದಲ್ಲಿ, ಹುಡುಕಾಟ ಹೊಸ ಕ್ರಮದಲ್ಲಿ. ಎರರ್ ಬರುವುದಿಲ್ಲ. ಇರುವ ಹೆಸರು ಹುಡುಕಿದರೆ ಸಿಗುವುದಿಲ್ಲ, ಯುನೀಕ್ ಕಾಲಂನಲ್ಲಿ ಒಂದೇ ಮೌಲ್ಯ ಎರಡು ಸಲ ಕೂರುತ್ತದೆ. ‘ಸಿ’ ಕೊಲೇಷನ್ (ಬರೀ ಬೈಟ್‌ಗಳ ಕ್ರಮದ ಜೋಡಣೆ) ಇದ್ದವರಿಗೆ ಮಾತ್ರ ಈ ಚಿಂತೆಯಿಲ್ಲ. ಈಗಾಗಲೇ ನಕಲು ಮಾಡಿಬಿಟ್ಟಿದ್ದರೆ ಇಂಡೆಕ್ಸ್ ತಪಾಸಣೆ ಮಾಡುವ ಆಮ್‌ಚೆಕ್‌ನಿಂದ ಪರೀಕ್ಷಿಸಿ, ಪಠ್ಯ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಬೇಕು.

ಹಾಗಾಗಿ ನನ್ನ ಆಯ್ಕೆ ಡಂಪ್ ಮತ್ತು ರಿಸ್ಟೋರ್ (ಡೇಟಾವನ್ನು ಕಡತಕ್ಕೆ ಇಳಿಸಿ ಮತ್ತೆ ತುಂಬುವುದು): ಇಂಡೆಕ್ಸ್‌ಗಳು ಹೊಸ ಯಂತ್ರದಲ್ಲೇ ಹೊಸದಾಗಿ ಕಟ್ಟಲ್ಪಡುತ್ತವೆ. ಡಂಪ್ ಮಾಡುವ ಪಿಜಿಡಂಪ್ ಅನ್ನು ಹೊಸ ಯಂತ್ರದಿಂದಲೇ, 16ರದ್ದನ್ನೇ ಓಡಿಸಿ ಹಳೆಯ ಸರ್ವರ್‌ಗೆ ಜೋಡಿಸುತ್ತೇನೆ. ಡೈರೆಕ್ಟರಿ ರೂಪ, ಏಕಕಾಲಕ್ಕೆ ನಾಲ್ಕು ಜಾಬ್. ಯೂಸರ್, ಪಾಸ್‌ವರ್ಡ್‌ಗಳು ಇದರಲ್ಲಿ ಬರುವುದಿಲ್ಲ. ಅವುಗಳಿಗೆ ಪಿಜಿಡಂಪ್‌ಆಲ್ ಅನ್ನು ‘ಗ್ಲೋಬಲ್ಸ್ ಓನ್ಲಿ’ ಆಯ್ಕೆಯೊಡನೆ ಓಡಿಸಿ, ಅದನ್ನು ಮೊದಲು ಹಾಕಬೇಕು. ಮರೆತರೆ ರೋಲ್ (ಯೂಸರ್) ಇಲ್ಲ ಎಂಬ ಸಾಲುಗಳ ಮಳೆ. ಪೂರ್ತಿ ರಿಸ್ಟೋರನ್ನು ಒಮ್ಮೆ ಗಡಿಯಾರ ಹಿಡಿದು ಮಾಡಿ ನೋಡಿ, ಆ ಸಮಯದ ಎರಡರಷ್ಟನ್ನು ಸ್ಥಗಿತದ ಅವಧಿ ಎಂದು ಬಳಕೆದಾರರಿಗೆ ಹೇಳಿ. ರಿಸ್ಟೋರ್ ಮುಗಿದೊಡನೆ ಟೇಬಲ್‌ಗಳ ಸ್ಟ್ಯಾಟಿಸ್ಟಿಕ್ಸ್ ಸಂಗ್ರಹಿಸುವ ಅನಲೈಸ್ ಓಡಿಸಿ. ಸ್ಟ್ಯಾಟಿಸ್ಟಿಕ್ಸ್ ಇಲ್ಲದೆ ಕ್ವೆರಿಗಳು ತೆವಳುತ್ತವೆ, ಜನ ಹೊಸ ಆವೃತ್ತಿಯನ್ನು ಬೈಯುತ್ತಾರೆ.

ಕೊನೆಯ ಗಂಟು ಲಾಗಿನ್. ಹಳೆಯ ಪಾಸ್‌ವರ್ಡ್‌ಗಳು ಎಂಡಿ5 ಎಂಬ ಹಳೆಯ ಗೂಢ ರೂಪದಲ್ಲೇ ಬರುತ್ತವೆ. ಯಾರು ಹೇಗೆ ಒಳಬರಬಹುದೆಂದು ಹೇಳುವ ಎಚ್‌ಬಿಎ ಕಡತದಲ್ಲಿ ಹೊಸ ವಿಧಾನವಾದ ಸ್ಕ್ರ್ಯಾಮ್ ಎಂದಿದ್ದರೆ ಯಾರೂ ಒಳಗೆ ಬರಲಾರರು. ಸ್ವಲ್ಪ ದಿನ ಎಂಡಿ5 ಎಂದಿಟ್ಟು, ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಮತ್ತೆ ಹಾಕಿಸಿ, ಆಮೇಲೆ ಸ್ಕ್ರ್ಯಾಮ್‌ಗೆ ತಿರುಗಿಸಿ. ‘ಅಥೆಂಟಿಕೇಷನ್ ಮೆಥಡ್ 10 ನಾಟ್ ಸಪೋರ್ಟೆಡ್’ ಎಂದು ಬಂದರೆ ತಪ್ಪು ಸರ್ವರ್‌ನದಲ್ಲ: ಆ ಕ್ಲೈಂಟ್‌ನಲ್ಲಿ ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಲೈಬ್ರರಿ ಲಿಬ್‌ಪಿಕ್ಯೂ 10ಕ್ಕಿಂತ ಹಳೆಯದು.

ಹಳೆಯ ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿ ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ. ಕ್ಯಾಲೆಂಡರ್‌ನಲ್ಲಿ ಬೆಂಬಲ ಮುಗಿಯುವ ಎರಡು ದಿನಾಂಕ ಬೇರೆಬೇರೆ ಬರೆಯಬೇಕು: ಪೋಸ್ಟ್‌ಗ್ರೆಸ್ 16ಕ್ಕೆ 2028ರ ನವೆಂಬರ್, ಅಲ್ಮಾ 9ಕ್ಕೆ 2032ರ ಮೇ.