ಕಟ್ ರೆಸಿಸ್ಟೆಂಟ್ ಕೈಗವಸು ಆರಿಸುವಾಗ: ಮೊದಲು ಅಂಚು, ಆಮೇಲೆ ಅಂಕಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಗಡಿನ ಕೆಲಸ ನೋಡಿಕೊಂಡು ಬಂದಿದ್ದೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು, ಹೆಲ್ಪರ್ ಆಗಿ ಸೇರಿ, ಈಗ ಚಾಕಣದಲ್ಲಿಯೋ ತಳೇಗಾವಿನಲ್ಲಿಯೋ ಸ್ವಂತ ಫ್ಯಾಬ್ರಿಕೇಶನ್ ಶೆಡ್ ಹಾಕಿಕೊಂಡಿರುವ ನಮ್ಮ ಹುಡುಗರು ಆಗಾಗ ಫೋನ್ ಮಾಡಿ, ಕೊಯ್ತ ತಡೆಯುವ ಯಾವ ಲೆವೆಲ್ಲಿನ ಹ್ಯಾಂಡ್‌ಗ್ಲೋವ್ಸ್ ತರಬೇಕೆಂದು ಕೇಳುತ್ತಾರೆ. ಅವರಿಗೆ ನಾನು ಲೆವೆಲ್ ಹೇಳುವ ಮೊದಲು ಒಂದು ಮಾತು ಕೇಳುತ್ತೇನೆ: ಕೈಗೆ ತಾಗುವ ಅಂಚು ಎಂಥದ್ದು, ಮತ್ತು ಆ ಕೈ ಅಲ್ಲಿ ಏನು ಮಾಡುತ್ತಿದೆ? ಈ ಎರಡಕ್ಕೆ ಉತ್ತರ ಸಿಗದೆ ಕೊಂಡ ಕೈಗವಸು ಎಷ್ಟೇ ದುಬಾರಿಯದಾದರೂ ಅದು ಕುರುಡು ಖರೀದಿಯೇ.

ಇದನ್ನು ನಾನು ಕಲಿತದ್ದು ನನ್ನ ಬಲಗೈಯಿಂದ. ಮೊದಲ ಕೆಲಸದ ಜಾಗದಲ್ಲಿ ನಮಗೆ ಚುಕ್ಕಿ ಚುಕ್ಕಿ ರಬ್ಬರು ಅಂಟಿಸಿದ ಹತ್ತಿಯ ಕೈಗವಸು ಕೊಡುತ್ತಿದ್ದರು. ಇಬ್ಬರು ಹಿಡಿದು ಎತ್ತುತ್ತಿದ್ದ ಜಿಐ (ಸತು ಲೇಪಿಸಿದ) ಶೀಟು ಎಣ್ಣೆಯಿಂದ ಜಾರಿ ಒಂದು ಗೇಣು ಕೆಳಗಿಳಿಯಿತು, ಅಷ್ಟೇ. ಹತ್ತಿಯೂ ಚರ್ಮವೂ ಒಟ್ಟಿಗೆ ತೆರೆದುಕೊಂಡವು. ಗಾಯ ಮಾಯಿತು, ಆದರೆ ಹೆಬ್ಬೆರಳಿನ ತುದಿಗೆ ಇಂದಿಗೂ ಬಿಸಿ ತಣ್ಣಗೆ ಸರಿಯಾಗಿ ತಿಳಿಯುವುದಿಲ್ಲ. ನನ್ನ ಕೈಯಲ್ಲಿ ಅಂದು ಕೈಗವಸು ಇರಲಿಲ್ಲವೆಂದಲ್ಲ. ಆ ಕೆಲಸಕ್ಕೆ ಅದು ಕೈಗವಸೇ ಆಗಿರಲಿಲ್ಲ.

ಹಾಗಾಗಿ ಅಂಚಿನಿಂದಲೇ ಆರಂಭಿಸಬೇಕು. ಶಿಯರಿಂಗ್ ಮಷಿನ್ನಿನಲ್ಲಿ ಕತ್ತರಿಸಿದ ತಗಡಿನ ಅಂಚಿಗೆ ಎರಡು ಮುಖಗಳಿರುತ್ತವೆ: ಬ್ಲೇಡು ಒತ್ತಿ ಒಳಹೊಕ್ಕ ಕಡೆ ಅಂಚು ತುಸು ದುಂಡಗೆ ಬಾಗಿರುತ್ತದೆ, ತುಂಡಾಗಿ ಬಿಟ್ಟ ಕಡೆ ಗರಗಸದ ಹಲ್ಲಿನಂತೆ ಸಣ್ಣ ಬರ್, ಅಂದರೆ ಲೋಹದ ಚೂಪು ಮುಳ್ಳು, ಎದ್ದು ನಿಂತಿರುತ್ತದೆ. ಬೆರಳಿನಿಂದ ಪರೀಕ್ಷಿಸುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಡಿಸಿ. ಒಂದು ಹಿಡಿ ಕಾಟನ್ ವೇಸ್ಟನ್ನು ಇಕ್ಕಳದಲ್ಲಿ ಹಿಡಿದು ಅಂಚಿನುದ್ದಕ್ಕೂ ಎಳೆಯಿರಿ. ಬರ್ ಇದ್ದಲ್ಲಿ ನೂಲಿನ ಎಳೆಗಳು ಸಿಕ್ಕಿಕೊಂಡು ಅಲ್ಲಲ್ಲಿ ಬಿಳಿ ಕೂದಲಿನ ಹಾಗೆ ನೇತಾಡುತ್ತವೆ. ಎಳೆ ಹೆಚ್ಚು ಸಿಕ್ಕಿದರೆ ಬ್ಲೇಡು ಮೊಂಡಾಗಿದೆ ಅಥವಾ ಎರಡು ಬ್ಲೇಡುಗಳ ನಡುವಿನ ಸಂದು ಹೆಚ್ಚಾಗಿದೆ ಎಂದೇ ತಿಳಿಯಬೇಕು. ಅಂಥಲ್ಲಿ ಕೈಗವಸಿನ ದರಪಟ್ಟಿ ತರಿಸುವ ಮುಂಚೆ ಬ್ಲೇಡು ಸಾಣೆ ಹಿಡಿಸುವುದು, ಬರ್ ತೆಗೆಯುವುದು ಮೊದಲ ಕೆಲಸ. ಬಳಿಕ ತುಂಡಿನ ಭಾರ ಎಷ್ಟು, ಅದು ಕೈಯೊಳಗೆ ಜಾರುತ್ತದೆಯೇ, ಎಣ್ಣೆ ಹತ್ತಿರುತ್ತದೆಯೇ, ಬಿಸಿಯಾಗಿರುತ್ತದೆಯೇ ಎಂಬುದನ್ನು ಪ್ರತಿ ಕೆಲಸದ ಜಾಗಕ್ಕೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಭಾರವಾದ ತಗಡು ಜಾರಿದಾಗ ಆಗುವ ಕೊಯ್ತವೂ, ಹಗುರವಾದ ಬಿಡಿಭಾಗ ಸವರಿದಾಗ ಆಗುವ ಕೊಯ್ತವೂ ಒಂದೇ ಅಲ್ಲ.

ಈಗ ಅಂಕಿಗೆ ಬರೋಣ. ಒಳ್ಳೆಯ ಕೈಗವಸಿನ ಹಿಂಬದಿಯಲ್ಲಿ ಸುತ್ತಿಗೆಯ ಚಿತ್ರವಿರುವ ಒಂದು ಗುರುತು, ಅದರ ಹತ್ತಿರ ಇಎನ್ 388 ಎಂಬ ಯುರೋಪಿನ ಮಾನಕದ ಹೆಸರು, ಕೆಳಗೆ ನಾಲ್ಕು ಅಂಕಿ ಮತ್ತು ಒಂದು ಅಕ್ಷರ ಇರುತ್ತವೆ. ಮೊದಲ ಅಂಕಿ ಸವೆತಕ್ಕೆ, ಎರಡನೆಯದು ದುಂಡು ಬ್ಲೇಡಿನ ಕೊಯ್ತಕ್ಕೆ, ಮೂರನೆಯದು ಬಟ್ಟೆ ಹರಿಯುವಿಕೆಗೆ, ನಾಲ್ಕನೆಯದು ಚುಚ್ಚುವಿಕೆಗೆ. 2016ರ ಪರಿಷ್ಕರಣೆಯಲ್ಲಿ ಇವುಗಳ ನಂತರ ಎ ಯಿಂದ ಎಫ್ ವರೆಗಿನ ಅಕ್ಷರವೊಂದು ಸೇರಿತು; ತಗಡು, ಗಾಜು ಹಿಡಿಯುವವರು ಮೊಟ್ಟಮೊದಲು ನೋಡಬೇಕಾದದ್ದು ಇದನ್ನೇ. ಗುರುತಿನಲ್ಲಿ 4, ಎಕ್ಸ್, 4, 3, ಡಿ ಎಂದಿದ್ದರೆ, ಎಕ್ಸ್ ಎಂದರೆ ದುಂಡು ಬ್ಲೇಡಿನ ಪರೀಕ್ಷೆಯ ಅಂಕ ಕೊಟ್ಟಿಲ್ಲವೆಂದು ಅರ್ಥವೇ ಹೊರತು ಕೈಗವಸು ಅದರಲ್ಲಿ ನಪಾಸಾಗಿದೆ ಎಂದಲ್ಲ. ಕೊನೆಯಲ್ಲಿ ಪಿ ಅಕ್ಷರವಿದ್ದರೆ ಗೆಣ್ಣುಗಳ ಮೇಲಿನ ಪೆಟ್ಟು ತಡೆಯುವ ಪರೀಕ್ಷೆಯಲ್ಲಿಯೂ ಅದು ಪಾಸಾಗಿದೆ.

ಎರಡು ಬಗೆಯ ಕೊಯ್ತದ ಪರೀಕ್ಷೆ ಏಕೆ ಬೇಕಾಯಿತು ಎಂಬುದನ್ನು ತಿಳಿದವರು ಅಂಗಡಿಯಲ್ಲಿ ಮೋಸಹೋಗುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳೆಯ ಪರೀಕ್ಷೆಯಲ್ಲಿ ತಿರುಗುವ ದುಂಡು ಬ್ಲೇಡನ್ನು 5 ನ್ಯೂಟನ್ ಭಾರದಲ್ಲಿ ಬಟ್ಟೆಯ ಮೇಲೆ ಹಿಂದೆ ಮುಂದೆ ಓಡಿಸಿ, ಎಷ್ಟು ಸುತ್ತುಗಳಲ್ಲಿ ಬಟ್ಟೆ ಕತ್ತರಿಸಿತೆಂದು ಎಣಿಸುತ್ತಾರೆ. ಕೈಗವಸಿನ ನೂಲಿನಲ್ಲಿ ಗಾಜಿನ ನಾರು ಅಥವಾ ಉಕ್ಕಿನ ತಂತಿ ಇದ್ದರೆ ಬ್ಲೇಡೇ ಮೊಂಡಾಗುತ್ತದೆ, ಸುತ್ತುಗಳು ಹೆಚ್ಚಾಗುತ್ತವೆ, ಅಂಕ ಏರುತ್ತದೆ. ಹೊಸ ಪರೀಕ್ಷೆಯಲ್ಲಿ ಪ್ರತಿ ಸಲವೂ ಹೊಸ ನೇರ ಬ್ಲೇಡು ಹಾಕಿ, ಅದು 20 ಮಿಲಿಮೀಟರ್ ಸರಿಯುವಷ್ಟರಲ್ಲಿ ಬಟ್ಟೆ ಕೊಯ್ಯಲು ಎಷ್ಟು ಒತ್ತಡ ಬೇಕೆಂದು ಅಳೆಯುತ್ತಾರೆ. ಎ ಅಂದರೆ ಕನಿಷ್ಠ 2 ನ್ಯೂಟನ್, ಬಿ 5, ಸಿ 10, ಡಿ 15, ಇ 22, ಎಫ್ 30. ಜಾರುವ ತಗಡು ಕೈಯನ್ನು ಕೊಯ್ಯುವುದು ಹೆಚ್ಚುಕಡಿಮೆ ಈ ಎರಡನೆಯ ರೀತಿಯಲ್ಲಿಯೇ.

ಪುಣೆಯ ಬೊಹ್ರಿ ಆಳಿಯಲ್ಲಾಗಲಿ ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಾಗಲಿ ವಿಚಾರಿಸಿದರೆ ಕೇಳಿಬರುವ ಮಾತು “ಕಟ್ ಲೆವೆಲ್ ಫೈವ್”. ಅದು ಹಳೆಯ ದುಂಡು ಬ್ಲೇಡಿನ 5 ಆಗಿರಬಹುದು, ಅಮೆರಿಕದ ಅನ್ಸಿ ಮಾನಕದ ಎ5 ಆಗಿರಬಹುದು, ಎರಡೂ ಒಂದಲ್ಲ. ಅನ್ಸಿಯಲ್ಲಿ ಎ1ರಿಂದ ಎ9ರವರೆಗೆ ಒಂಬತ್ತು ಮೆಟ್ಟಿಲುಗಳಿದ್ದು, ಲೆಕ್ಕ ಗ್ರಾಮಿನಲ್ಲಿರುತ್ತದೆ: ಎ4 ಎಂದರೆ 1500 ಗ್ರಾಮ್, ಸುಮಾರಾಗಿ ಇಎನ್ ಮಾನಕದ ಡಿ ಹತ್ತಿರ, ಎ5 ಎಂದರೆ 2200 ಗ್ರಾಮ್, ಇ ಹತ್ತಿರ. ಹಳೆಯ 5 ಬಂದಿರುವ ಕೈಗವಸು ಹೊಸ ಪರೀಕ್ಷೆಯಲ್ಲಿ ಬರಿಯ ಬಿ ಅಥವಾ ಸಿ ಆಗಿ ಉಳಿಯಬಹುದು. ಆದ್ದರಿಂದ ಅಂಗಡಿಯವರನ್ನು “ಯಾವ 5?” ಎಂದು ಕೇಳಿ, ಗುರುತಿನಲ್ಲಿ ಎ ಯಿಂದ ಎಫ್ ವರೆಗಿನ ಅಕ್ಷರ ತೋರಿಸಲು ಹೇಳಿ. ಮೊತ್ತ ದೊಡ್ಡದಿದ್ದರೆ ಪರೀಕ್ಷಾ ವರದಿಯ ಪ್ರತಿಯನ್ನೂ ಪಡೆದು, ಅದರಲ್ಲಿರುವ ಮಾದರಿ ಸಂಖ್ಯೆಯೂ ಕೈಗವಸಿನ ಮೇಲಿನ ಸಂಖ್ಯೆಯೂ ಹೊಂದುತ್ತವೆಯೇ ಎಂದು ನೋಡಿ.

ಯಾವ ಅಕ್ಷರ ಸಾಕು ಎಂಬುದಕ್ಕೆ ನನ್ನ ಅನುಭವದ ಅಂದಾಜು ಹೀಗಿದೆ. ಬರ್ ತೆಗೆದ ಸಣ್ಣ ಭಾಗಗಳ ಜೋಡಣೆ, ಪ್ಯಾಕಿಂಗ್‌ಗೆ ಬಿ ಸಾಕು. ಪ್ರೆಸ್ ಶಾಪಿನಿಂದ ಬಂದ ಸಾಧಾರಣ ಭಾಗಗಳಿಗೆ ಸಿ. ಶಿಯರಿಂಗ್ ಮುಗಿದ ತಗಡನ್ನು ಎತ್ತಿ ಒಟ್ಟುವವರಿಗೆ ಡಿಗಿಂತ ಕಡಿಮೆ ಬೇಡ. ಸ್ಕ್ರ್ಯಾಪ್ ತುಂಬುವವರಿಗೆ, ದೊಡ್ಡ ಗಾಜಿನ ಹಲಗೆ ಹಿಡಿಯುವವರಿಗೆ ಇ ಅಥವಾ ಎಫ್. ಎಲ್ಲರಿಗೂ ಎಫ್ ಕೊಟ್ಟುಬಿಟ್ಟರೆ ನಿಶ್ಚಿಂತೆಯಲ್ಲವೇ ಎಂದು ಒಬ್ಬ ಮಾಲೀಕರು ಕೇಳಿದ್ದರು. ಅವರ ಶೆಡ್ಡಿನಲ್ಲಿ ಅಫಜಲಪುರ ಕಡೆಯ ಹುಡುಗನೊಬ್ಬ ಎಂ6 ನಟ್ಟು ಕೂರಿಸುತ್ತಿದ್ದ. ದಪ್ಪ ಕೈಗವಸು ತೊಟ್ಟು ಎರಡು ಸಲ ನಟ್ಟು ಬೀಳಿಸಿದವನು ಮೂರನೆಯ ಸಲ ಬಲಗೈಯದನ್ನು ಕಳಚಿ ಜೇಬಿಗೆ ತುರುಕಿದ. “ಸರ, ಇದನ್ನ ಹಾಕ್ಕೊಂಡ್ರ ನಟ್ ಕೈಗೆ ಸಿಗಂಗಿಲ್ರೀ” ಎಂದ. ಅವನದು ತಪ್ಪಲ್ಲ. ಬೆರಳಿನ ಸೂಕ್ಷ್ಮತೆಗೂ ಐಎಸ್‌ಒ 21420 ಎಂಬ ಮಾನಕದಲ್ಲಿ 1ರಿಂದ 5ರವರೆಗೆ ಅಂಕವಿದೆ. 5 ಅಂಕದ ಕೈಗವಸು ತೊಟ್ಟವನು 5 ಮಿಲಿಮೀಟರ್ ವ್ಯಾಸದ ಸಲಾಕೆಯನ್ನು ಎತ್ತಬಲ್ಲ, 1 ಅಂಕದ್ದಕ್ಕೆ 11 ಮಿಲಿಮೀಟರ್ ಬೇಕು. ಅವನಿಗೆ 18 ಗೇಜಿನ ತೆಳು ಕೈಗವಸು ಕೊಡಿಸಿದೆವು, ಆಮೇಲೆ ಅವನು ಅದನ್ನು ಕಳಚಲಿಲ್ಲ. ಗೇಜ್ ಎಂದರೆ ಹೆಣಿಗೆಯ ಯಂತ್ರದಲ್ಲಿ ಒಂದಿಂಚಿಗೆ ಇರುವ ಸೂಜಿಗಳ ಲೆಕ್ಕ. ಅಂಕಿ ಏರಿದಷ್ಟೂ ಹೆಣಿಗೆ ತೆಳುವಾಗುತ್ತದೆ. 7 ಗೇಜ್ ದಪ್ಪ, 13 ಮಧ್ಯಮ, 18 ನಯ.

ನೂಲಿನಲ್ಲಿ ಮುಖ್ಯವಾಗಿ ಎರಡು ಜಾತಿ. ಎಚ್‌ಪಿಪಿಇ ಎಂಬ ಪಾಲಿಥೀನ್ ನೂಲು ತಂಪಾಗಿ, ಹಗುರವಾಗಿ, ಬಹಳ ಗಟ್ಟಿಯಾಗಿರುತ್ತದೆ, ಆದರೆ ಸುಮಾರು 145 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಈಗಷ್ಟೇ ವೆಲ್ಡ್ ಆದ ತುಂಡನ್ನು ಅದರಿಂದ ಹಿಡಿಯಬಾರದು. ಕೆವ್ಲಾರ್‌ನಂಥ ಅರಾಮಿಡ್ ನೂಲು ಕರಗುವುದಿಲ್ಲ, ಶಾಖ ತಾಳುತ್ತದೆ. ಆದರೂ ಬಿಸಿ ತುಂಡು ಹಿಡಿಯುವ ಕೆಲಸವಾದರೆ ಶಾಖದ ಮಾನಕವಾದ ಇಎನ್ 407ರ ಗುರುತನ್ನೂ ನೋಡಲೇಬೇಕು. ಉಕ್ಕಿನ ತಂತಿ ಸೇರಿದ ನೂಲಿನಲ್ಲಿ ವಿದ್ಯುತ್ ಹರಿಯಬಲ್ಲದು, ಹಾಗಾಗಿ ವಿದ್ಯುತ್ ಪ್ಯಾನೆಲ್ ಕೆಲಸಕ್ಕೆ ಅದನ್ನು ಕೊಡಬೇಡಿ.

ಅಂಗೈಯ ಲೇಪನವನ್ನು ಬಹಳ ಜನ ಬಣ್ಣ ನೋಡಿ ಆರಿಸುತ್ತಾರೆ. ಒಣ ಕೆಲಸಕ್ಕೆ ತೆಳುವಾದ ಪಿಯು (ಪಾಲಿಯುರೆಥೇನ್) ಚೆನ್ನು. ಎಣ್ಣೆ ಇದ್ದರೆ ನೈಟ್ರೈಲ್, ಅದರಲ್ಲಿಯೂ ಮರಳಿನಂತೆ ತರಿತರಿಯಾಗಿರುವ ಸ್ಯಾಂಡಿ ನೈಟ್ರೈಲ್ ತಗಡನ್ನು ಜಾರಲು ಬಿಡುವುದಿಲ್ಲ. ಲೇಟೆಕ್ಸ್ ಗಾಜಿಗೆ, ಒದ್ದೆಗೆ ಒಳ್ಳೆಯ ಹಿಡಿತ ಕೊಡುತ್ತದೆಯಾದರೂ ಎಣ್ಣೆ ತಾಗಿದರೆ ಉಬ್ಬಿ ಕೆಡುತ್ತದೆ. ಹಿಡಿತವೇ ಅರ್ಧ ರಕ್ಷಣೆ: ಜಾರದ ತಗಡು ಕೊಯ್ಯುವುದಿಲ್ಲ.

ಈ ಗುರುತುಗಳು ಹೇಳದಿರುವ ಕೆಲವು ವಿಷಯಗಳಿವೆ. ಪರೀಕ್ಷೆಗೆ ತುಂಡನ್ನು ಅಂಗೈ ಭಾಗದಿಂದ ತೆಗೆಯುತ್ತಾರೆ, ಆದ್ದರಿಂದ ಆ ಅಕ್ಷರ ಕೈಯ ಹಿಂಬದಿಗೂ ಅನ್ವಯಿಸುತ್ತದೆಂದು ಭಾವಿಸಬೇಡಿ. ಚುಚ್ಚುವಿಕೆಯ ಅಂಕ ದಪ್ಪ ಉಕ್ಕಿನ ಮೊನೆಗೆ ಸಂಬಂಧಿಸಿದ್ದು, ಸೂಜಿಗೆ ಅಲ್ಲ. ಮಣಿಕಟ್ಟಿನಿಂದ ಮೇಲೆ ಕೈಗವಸೇ ಇರುವುದಿಲ್ಲ. ತಗಡು ಎದೆಗೆ ಆನಿಸಿ ಹೊರುವವರಿಗೆ ಮುಂಗೈ ಮುಚ್ಚುವ ಸ್ಲೀವನ್ನೂ ಕೊಡಿ. ಎಫ್ ಬಂದ ಕೈಗವಸು ಕೂಡ ಓಡುತ್ತಿರುವ ಗರಗಸವನ್ನಾಗಲಿ ಪ್ರೆಸ್ಸಿನ ಡೈಯನ್ನಾಗಲಿ ತಡೆಯಲಾರದು.

ಇದಕ್ಕಿಂತಲೂ ಗಂಭೀರವಾದದ್ದೆಂದರೆ ತಿರುಗುವ ಯಂತ್ರ. ಡ್ರಿಲ್ಲಿಂಗ್ ಮಷಿನ್, ಲೇತ್‌ಗಳ ಮುಂದೆ ಕೈಗವಸು ಹಾಕಲೇಬಾರದು. ಸಾಧಾರಣ ನೂಲು ಡ್ರಿಲ್ ಬಿಟ್‌ಗೆ ಸುತ್ತಿಕೊಂಡರೆ ಒಮ್ಮೊಮ್ಮೆ ಹರಿದುಹೋದೀತು, ಆದರೆ ಈ ನೂಲನ್ನು ಮಾಡಿರುವುದೇ ಹರಿಯಬಾರದೆಂದು; ಅದು ಬೆರಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಚಿಪ್ಸ್ ತೆಗೆಯಲು ಯಂತ್ರ ನಿಲ್ಲಿಸಿ, ಬ್ರಷ್ ಅಥವಾ ಕೊಕ್ಕೆ ಬಳಸುವುದನ್ನು ಕಡ್ಡಾಯ ಮಾಡಿ.

ಅಳತೆಯಲ್ಲಿ ಆಗುವ ತಪ್ಪು ಸಣ್ಣದಾಗಿ ಕಂಡರೂ ಸಣ್ಣದಲ್ಲ. ಸ್ಟೋರಿನವರು ಲೆಕ್ಕಕ್ಕೆ ಸುಲಭವೆಂದು ಎಲ್ಲರಿಗೂ 9 ಅಥವಾ 10ರ ಅಳತೆ ತರಿಸುತ್ತಾರೆ. ಜೋಡಣೆಯ ಲೈನಿನಲ್ಲಿರುವ ಹೆಣ್ಣುಮಕ್ಕಳ ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ಉಳಿದು, ಅದೇ ತುದಿ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳನ್ನು ಬಿಟ್ಟು ಗೆಣ್ಣುಗಳ ಬಳಿ ಅಂಗೈಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಎಷ್ಟು ಇಂಚು ಬಂದಿತೋ ಹೆಚ್ಚುಕಡಿಮೆ ಅದೇ ಕೈಗವಸಿನ ಅಳತೆ. ಕೊಳ್ಳುವ ಮುಂಚೆ ಎರಡು ಮೂರು ಮಾದರಿಗಳನ್ನು ಅದೇ ಜಾಗದ ಕೆಲಸಗಾರರಿಗೆ ಒಂದು ವಾರ ತೊಡಲು ಕೊಟ್ಟು, ಯಾವುದನ್ನು ಕಳಚಿಟ್ಟರು, ಏಕೆ ಕಳಚಿಟ್ಟರು ಎಂದು ಕೇಳಿ. ಬೆಲೆಯನ್ನು ಜೋಡಿಗೆ ಲೆಕ್ಕಹಾಕದೆ ಶಿಫ್ಟಿಗೆ ಲೆಕ್ಕಹಾಕಿ: 60 ರೂಪಾಯಿಯ ಜೋಡಿ ಎರಡು ಶಿಫ್ಟ್ ಬಂದರೆ ಶಿಫ್ಟಿಗೆ 30 ರೂಪಾಯಿ, 240 ರೂಪಾಯಿಯದು ಹನ್ನೆರಡು ಶಿಫ್ಟ್ ಬಂದರೆ 20 ರೂಪಾಯಿ.

ಬಳಕೆಗೆ ಬಂದ ಮೇಲೆ ಒಗೆಯುವ ಪ್ರಶ್ನೆ ಏಳುತ್ತದೆ. ನಮ್ಮವರು ರೂಮಿಗೆ ಒಯ್ದು, ಬ್ಲೀಚಿಂಗ್ ಹಾಕಿ ತಿಕ್ಕಿ, ತಾರಸಿಯ ಬಿಸಿಲಿನಲ್ಲಿ ಹರವುತ್ತಾರೆ. ಅರಾಮಿಡ್ ನೂಲಿಗೆ ಬ್ಲೀಚೂ ಬಿಸಿಲೂ ಎರಡೂ ಶತ್ರುಗಳು. ಉಗುರು ಬೆಚ್ಚಗಿನ ನೀರು, ಸಾದಾ ಸಾಬೂನು, ನೆರಳಿನ ಗಾಳಿ ಇಷ್ಟೇ ಸಾಕು, ಮತ್ತು ಎಷ್ಟು ಸಲ ಒಗೆಯಬಹುದೆಂದು ತಯಾರಕರು ಹೇಳಿದ್ದರೆ ಅದನ್ನು ಮೀರಬಾರದು. ಶಿಫ್ಟಿನ ಆರಂಭದಲ್ಲಿ ಕೈಗವಸನ್ನು ಒಳಹೊರಗು ತಿರುವಿ ಟ್ಯೂಬ್‌ಲೈಟಿನ ಎದುರು ಹಿಡಿಯಿರಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲಿನಲ್ಲಿ ಬೆಳಕು ಹೆಚ್ಚು ಕಂಡರೆ, ನೂಲು ಕಡಿದಿದ್ದರೆ, ಲೇಪನ ಸಿಪ್ಪೆಯೆದ್ದಿದ್ದರೆ ಆ ಜೋಡಿಯನ್ನು ಬದಲಿಸಿ. ಹಳೆಯದನ್ನು ತಂದುಕೊಟ್ಟವರಿಗೆ ಸ್ಟೋರಿನಲ್ಲಿ ಏನೂ ಕೇಳದೆ ಹೊಸದು ಸಿಗುವಂತಿರಲಿ; ಹಿಂದಿರುಗಿದ ಜೋಡಿಯ ಯಾವ ಭಾಗ ಕೊಯ್ದಿದೆಯೆಂದು ರಿಜಿಸ್ಟರಿನಲ್ಲಿ ಬರೆದಿಟ್ಟರೆ, ಯಾವ ಮಷಿನ್ನಿನ ಅಂಚಿನಲ್ಲಿ ಬರ್ ಎದ್ದಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.